ನೀವು ಕ್ಷೇಮವೇ ಎಂದು ಕೇಳುವ ಫೋನು

ಯಾರಾದರೂ ಎದುರು ಸಿಕ್ಕು "ಚೆನ್ನಾಗಿದ್ದೀರಾ?" ಎಂದರೆ, ಹಲ್ಲುನೋವಿನಿಂದ ದವಡೆ ಊದಿಕೊಂಡಿದ್ದರೂ "ಚೆನ್ನಾಗಿದ್ದೀವಿ" ಎಂದೇ ಹೇಳುವವರು ನಾವು. ಹಿಂದೆ ಕಾಗದ ಬರೆಯುವಾಗಲೂ ಅಷ್ಟೇ, "ಇತ್ತ ನಾವೆಲ್ಲ ಕ್ಷೇಮ" ಎಂದು ಒಕ್ಕಣಿಸಿದ ಮೇಲೆಯೇ ಅಜ್ಜಿಗೆ ಕಾಯಿಲೆ ಜೋರಾಗಿರುವ ಸುದ್ದಿ. ಈ ಸದಭ್ಯಾಸದಲ್ಲಿ ದೋಷವಿರಬಹುದೆಂದು ಈಚಿನವರೆಗೆ ನನಗೆ ಹೊಳೆದಿರಲಿಲ್ಲ.

ಪಟ್ಟಂದೂರು ಅಗ್ರಹಾರದ ಪಕ್ಕದ ನಮ್ಮ ಅಪಾರ್ಟ್‌ಮೆಂಟಿನವರು ವಿಪತ್ತುಗಳನ್ನು ಎದುರಿಸಲು ಒಂದು ಆ್ಯಪ್ ತರಿಸಿದರು. ನೀರು ನುಗ್ಗಲಿ, ಜ್ವರ ಹಬ್ಬಲಿ, ಬೆಂಕಿ ಹೊತ್ತಲಿ, ಎಲ್ಲಕ್ಕೂ ಅದರಲ್ಲಿ ಯೋಜನೆಯುಂಟು. ಕಾರ್ಖಾನೆಯಿಂದ ನಿವೃತ್ತನಾಗಿ ಬಿಡುವಾಗಿದ್ದೇನೆಂಬ ಏಕೈಕ ಅರ್ಹತೆಯ ಮೇಲೆ ನನ್ನನ್ನು ನಮ್ಮ ಮಹಡಿಯ ಸುರಕ್ಷಾ ಮುಖ್ಯಸ್ಥನನ್ನಾಗಿ ಮಾಡಿ, ಕೊರಳಿಗೊಂದು ಸೀಟಿಯನ್ನೂ ಹಾಕಿದರು. ಆಪತ್ತು ಬಂದಾಗ ಎಲ್ಲರೂ ಕೆಳಗಿಳಿದು ಹುಲ್ಲುಹಾಸಿನ ಮೇಲೆ ನಿಲ್ಲಬೇಕು, ಆಗ ಫೋನು "ನೀವು ಕ್ಷೇಮವೇ?" ಎಂದು ಕೇಳಿದರೆ "ಹೌದು" ಒತ್ತಬೇಕು; ಒತ್ತಿದೊಡನೆ ಆ್ಯಪಿನ ನಕ್ಷೆಯಲ್ಲಿ ಆ ಮನೆಯ ಚುಕ್ಕೆ ಕೆಂಪಿನಿಂದ ಹಸಿರಾಗುತ್ತದೆ. ತಾಲೀಮಿನ ದಿನ ಇಡೀ ಕಟ್ಟಡ ಕ್ಷಣಾರ್ಧದಲ್ಲಿ ಹಸಿರಾಯಿತು. ಹುಲ್ಲಿನ ಮೇಲೆ ನಾನೂ ನನ್ನ ಸೀಟಿಯೂ ಮಾತ್ರ ಇದ್ದೆವು. ಉಳಿದವರು ಅಡುಗೆಮನೆಯಿಂದ, ಆಫೀಸಿನ ಮೀಟಿಂಗಿನಿಂದ ಕ್ಷೇಮ ತಿಳಿಸಿದ್ದರು. ಗೇಟಿನ ಬಳಿ ಫೋನು ನೋಡುತ್ತಾ ನಿಂತಿದ್ದ ಅಪಾರ್ಟ್‌ಮೆಂಟ್ ಸಮಿತಿಯವರು ಸಂತೋಷದಿಂದ ಚಪ್ಪಾಳೆ ತಟ್ಟಿದರು. ತಟ್ಟಬೇಕೋ ಬೇಡವೋ ತಿಳಿಯದೆ ನಾನೂ ತಟ್ಟಿದೆ.

ಮೊನ್ನೆ ಬೆಳಿಗ್ಗೆ ನಾನು ಕೊತ್ತಂಬರಿ ಸೊಪ್ಪು ತರುವಷ್ಟರಲ್ಲಿ, ನೆಲಮಾಳಿಗೆಯಲ್ಲಿ ಚಾರ್ಜಿಗೆ ಹಾಕಿದ್ದ ಸ್ಕೂಟರೊಂದು ಹೊತ್ತಿಕೊಂಡು, ಮೆಟ್ಟಿಲುಗಳಲ್ಲಿ ಕಪ್ಪು ಹೊಗೆ ಏರುತ್ತಿತ್ತು. ಮಂಡಿನೋವಿನ ನನ್ನ ಹೆಂಡತಿ ಆರನೇ ಮಹಡಿಯಲ್ಲಿ ಒಬ್ಬಳೇ. ಮೆಟ್ಟಿಲಿನ ಕಡೆ ಓಡಿದೆ. ಸೆಕ್ಯುರಿಟಿಯವರು ಫೋನು ತೋರಿಸಿ, "ಗಾಬರಿ ಬೇಡ ಸಾರ್, ಮೇಡಂ ಸೇಫು, ಗ್ರೀನ್ ಬಂದೈತೆ ನೋಡಿ" ಎಂದರು. ಹಸಿರು ಬಂದಿತ್ತು, ನಿಜ. ಹುಲ್ಲಿನ ಮೇಲೆ ನೆರೆದವರಲ್ಲಿ ಅವಳಿರಲಿಲ್ಲ, ಅದೂ ನಿಜ. ಕಣ್ಣನ್ನು ನಂಬಲೋ ಆ್ಯಪನ್ನು ನಂಬಲೋ ತೋಚದೆ, ಕೊನೆಗೆ ಅವಳಿಗೆ ಫೋನು ಮಾಡಿದೆ.

"ಮನೇಲೇ ಇದೀನಿ ಕಣ್ರೀ," ಕೆಮ್ಮುತ್ತಾ ಹೇಳಿದಳು. "ಬಾಗಿಲು ತೆಗೆದ್ರೆ ಬರೀ ಹೊಗೆ. ನೀವು ಗಾಬರಿ ಆಗ್ತೀರಲ್ಲ ಅಂತ ಹೌದು ಒತ್ಬಿಟ್ಟೆ."

ಅಷ್ಟರಲ್ಲಿ ಬಂದಿದ್ದ ಅಗ್ನಿಶಾಮಕದವರು ಸೆಕ್ಯುರಿಟಿಯವರ ಫೋನಿನಲ್ಲಿ ಆ ಹಸಿರನ್ನು ನೋಡಿ ನಮ್ಮ ಮಹಡಿಯನ್ನು ಬಿಟ್ಟು ಕೆಂಪು ಮನೆಗಳ ಕಡೆ ಹೊರಟಿದ್ದರು. ಅವರಲ್ಲಿ ಯಾರ ತೋಳು ಹಿಡಿದೆನೋ, ಏನೆಂದು ಕೂಗಿದೆನೋ ನೆನಪಿಲ್ಲ. ಸೀಟಿ ಊದುವುದಂತೂ ಮರೆತೇಹೋಗಿತ್ತು. ಕೊನೆಗೆ ಅವಳ ಮುಖಕ್ಕೆ ಒದ್ದೆ ಟವೆಲು ಕಟ್ಟಿ, ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು.

ಹುಲ್ಲಿನ ಮೇಲೆ ಕುಳಿತು ಸುಧಾರಿಸಿಕೊಳ್ಳುವಾಗ ನಮ್ಮಿಬ್ಬರ ಫೋನುಗಳೂ ಮತ್ತೆ "ನೀವು ಕ್ಷೇಮವೇ?" ಎಂದವು. ಅಭ್ಯಾಸಬಲದಿಂದ ಅವಳ ಬೆರಳು ಮುಂದಾಯಿತು. ನಾನು ಫೋನನ್ನು ಕಸಿದುಕೊಂಡು, ಇಷ್ಟು ವರ್ಷಗಳ ಸಂಸಾರದಲ್ಲಿ ಬಹುಶಃ ಮೊದಲ ಸಲ ಉತ್ತರ ಬೇಕೆಂದೇ ಕೇಳಿದೆ, "ಹೇಗಿದೀಯ?"

 ಅವಳು ನನ್ನ ತೋಳು ಹಿಡಿದು, "ತುಂಬಾ ಹೆದರ್ಕೊಂಡಿದೀನಿ ಕಣ್ರೀ" ಎಂದಳು.

"ನಾನೂ ಅಷ್ಟೇ ಕಣೇ" ಎಂದೆ.