ತೊರೆಯಾಚೆಯ ಮನೆ ಯಾವ ಬ್ಲಾಕಿಗೆ?

೨೦೧೯ರ ಮಾರ್ಚಿನಲ್ಲಿ, ಬೆಳಿಗ್ಗೆ ಐದಕ್ಕೆ ವಾಷಿಂಗ್ಟನ್ ಬಿಟ್ಟೆವು. ನನ್ನ ಕೆಲಸ ನಕ್ಷೆ ಮಾಡುವ ಸಣ್ಣ ಕಂಪನಿಯಲ್ಲಿ. ಜೊತೆಗಿದ್ದವರು ಸಹೋದ್ಯೋಗಿ, ಧಾರವಾಡದ ಪಾಟೀಲರು. ದಕ್ಷಿಣ ಕೆರೊಲಿನಾದ ಆ ಹಳ್ಳಿಗೆ ನಾನೂರು ಮೈಲಿ. ಜನಗಣತಿಯ ಅಂಕಿಅಂಶಕ್ಕಾಗಿ ಈ ದೇಶವನ್ನು ನಾಲ್ಕು ವಲಯ, ಒಂಬತ್ತು ವಿಭಾಗಗಳಾಗಿ ಹಂಚಿದ್ದಾರೆ. ಅವುಗಳೊಳಗೆ ರಾಜ್ಯ, ಜಿಲ್ಲೆಯಂಥ ಕೌಂಟಿ, ಎಲ್ಲಕ್ಕಿಂತ ಚಿಕ್ಕದು ಬ್ಲಾಕ್. ಅಷ್ಟು ದೂರ ಓಡಿದರೂ ನಾವು ಒಂದೇ ವಿಭಾಗದೊಳಗಿದ್ದೆವು.

ರಿಚ್ಮಂಡ್ ದಾಟಿದ ಮೇಲೆ ಮಳೆ ಹಿಡಿಯಿತು. ಗ್ಯಾಸ್ ಸ್ಟೇಷನ್ನಿನಲ್ಲಿ ನಿಲ್ಲಿಸಿ ಕಟ್ಟಿಕೊಂಡು ಬಂದಿದ್ದ ಚಪಾತಿ ತಿಂದೆವು. ನಾವು ನೋಡಬೇಕಿದ್ದ ಬ್ಲಾಕಿಗೆ ಒಂದು ತೊರೆಯೇ ಗಡಿ. ತೊರೆ ದಾರಿ ಬದಲಿಸಿದೆಯೆಂದು ಅನುಮಾನವಿತ್ತು. ಹಾಗಿದ್ದರೆ ದಡದ ಒಂಟಿ ಮನೆ ಬೇರೆ ಬ್ಲಾಕಿಗೆ ಸೇರಬೇಕು.

ಮೂರು ಗಂಟೆಗೆ ಮಣ್ಣುರಸ್ತೆ ಮುಗಿಯಿತು. ಫೋನಿಗೆ ಸಿಗ್ನಲ್ ಇರಲಿಲ್ಲ. ಒಳಬಂದವರಿಗೆ ಗುಂಡು ಹಾರಿಸುವುದಾಗಿ ಮರಕ್ಕೆ ಬೋರ್ಡು ಹೊಡೆದಿದ್ದರು.

"ನೀವು ಕಾರಿನ್ಯಾಗ ಇರ್ರಿ, ನಸ್ರೀನ್. ನಾ ಚೆಕ್ ಮಾಡ್ಕೊಂಡ್ ಬರ್ತೀನಿ," ಎಂದು ಪಾಟೀಲರು ಮರಗಳ ನಡುವೆ ಇಳಿದುಹೋದರು.

ಸ್ವಲ್ಪ ಹೊತ್ತಿಗೆ ನಾಯಿಗಳು ಬೊಗಳಿದವು. ಪಾಟೀಲರು ಕೂಗಿದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ಕಾರಿನ ಬಾಗಿಲು ಲಾಕ್ ಮಾಡಿಕೊಂಡು ನಲವತ್ತು ನಿಮಿಷ ಕೂತೆ. ತಲೆಯ ಸ್ಕಾರ್ಫ್ ತೆಗೆಯಲೇ ಎಂದೂ ಯೋಚಿಸಿದೆ. ತೆಗೆಯದೆಯೇ ಇಳಿದೆ.

ನಾಯಿಗಳನ್ನು ಮನೆಯ ಪಕ್ಕ ಕಟ್ಟಿದ್ದರು. ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಗೇಣಗಲ ಬಾಗಿಲು ತೆರೆದಳು. ಅವಳ ಹಿಂದೆ ಪಾಟೀಲರು ಕಾಲು ಚಾಚಿ ಕುರ್ಚಿಯಲ್ಲಿದ್ದರು.

"ಗಾಬರಿ ಆಗಬ್ಯಾಡ್ರಿ. ಜಾರಿ ಬಿದ್ದೆ. ಇವರೇ ಐಸ್ ಕೊಟ್ರು."

ಹೆಂಗಸಿನ ಕಣ್ಣು ನನ್ನ ಕೈಯಲ್ಲಿದ್ದ ನಕ್ಷೆಯ ಮೇಲಿತ್ತು. "ಇದರಲ್ಲಿ ನನ್ನ ಮನೆ ಹಾಕಿದರೆ ಯಾರು ಬರುತ್ತಾರೆ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಮುಂದಿನ ವರ್ಷ ಜನರನ್ನು ಎಣಿಸುವವರು. ಅಷ್ಟೇ."

"ಅಷ್ಟೇ ಅಂತ ನಿಮಗೆ ಗೊತ್ತಾ?"

ಒಳಕೋಣೆಯ ಮುಚ್ಚಿದ ಬಾಗಿಲಿನ ಹಿಂದೆ ಯಾರೋ ಕೆಮ್ಮಿ ತಡೆದುಕೊಂಡರು. ಅವಳು ಅತ್ತ ತಿರುಗಲಿಲ್ಲ. ಗಣತಿಯ ವಿವರ ಪೊಲೀಸರಿಗೂ ಕೊಡುವಂತಿಲ್ಲ ಎಂದು ಓದಿದ ನಿಯಮ ನನಗೆ ನೆನಪಿತ್ತು, ಆದರೂ ನಕ್ಷೆ ಮಡಚಿಕೊಂಡು ಹಿತ್ತಲಿಗೆ ನಡೆದೆ.

ಮೊದಲು ಮನೆಯ ಮುಂದೆ ಹರಿಯುತ್ತಿದ್ದ ತೊರೆ ನಿಜಕ್ಕೂ ಮನೆಯ ಹಿಂದಕ್ಕೆ ಸರಿದಿತ್ತು. ನಕ್ಷೆಯಲ್ಲಿ ಮನೆಯ ಚುಕ್ಕಿಯನ್ನು ಈಚೆ ದಡಕ್ಕೆ ಹಾಕಿದೆ. ಪಾಟೀಲರನ್ನು ಭುಜ ಕೊಟ್ಟು ಕಾರಿಗೆ ಹತ್ತಿಸಿದೆ.

ತಿರುವಿನಲ್ಲಿ ಕನ್ನಡಿ ನೋಡಿದೆ. ಅವಳು ರಸ್ತೆಯಂಚಿಗೆ ಬಂದಿದ್ದಳು. ಸ್ಕ್ರೂಡ್ರೈವರ್ ಹಿಡಿದು, ಅಂಚೆಪೆಟ್ಟಿಗೆಯ ಮೇಲಿದ್ದ ಮನೆ ನಂಬರನ್ನು ಬಿಚ್ಚುತ್ತಿದ್ದಳು.