ಎರಡು ಸಲ ತೊಳೆದ ಬೊಂತೆ

ನಮ್ಮ ಕಡೆ ಅದಕ್ಕೆ ಬೊಂತೆ ಅನ್ನುತ್ತಾರೆ. ಹಳೆಯ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಕೂರಿಸಿ, ಉದ್ದಕ್ಕೂ ಕೈಹೊಲಿಗೆ ಹಾಕಿದ ಹೊದಿಕೆ. ಕೌದಿ ಅಂದರೆ ಕೇಳುವುದಕ್ಕೂ ಚಂದ, ಹೊರಗಿನವರಿಗೂ ಗೊತ್ತಾಗುತ್ತದೆ. ನಮ್ಮಲ್ಲಿ ಬೊಂತೆ ಅನ್ನುವುದು ಬೈಗುಳವೂ ಹೌದು. ತಲೆ ಬಾಚದೆ ಶಾಲೆಗೆ ಹೊರಟರೆ ಅವ್ವ "ಒಳ್ಳೆ ಬೊಂತೆ ಇದ್ದಂಗಿದ್ದೀಯಲ್ಲೇ" ಎಂದು ಗದರುತ್ತಿದ್ದಳು. ಆ ಹೆಸರನ್ನೇ ಇಟ್ಟುಕೊಂಡು ನಾವು ಆರು ಜನ ಹೆಂಗಸರು ಒಂದು ಕೂಟ ಕಟ್ಟಿಕೊಂಡಿದ್ದೆವು. ಅದರ ನೆನಪು ಬಂದರೆ ನನಗೆ ಈಗ ಹೇಸಿಗೆಯಾಗುತ್ತದೆ. ಹೇಸಿಗೆಯ ದೊಡ್ಡ ಪಾಲು ನನ್ನದೇ, ಮಿಕ್ಕದ್ದನ್ನು ಇನ್ನಿಬ್ಬರಿಗೆ ಹಂಚುತ್ತೇನೆ.

ಪ್ರತಿ ತಿಂಗಳ ಮೊದಲ ಭಾನುವಾರ ಮದ್ದೂರಿನ ನಮ್ಮ ಮನೆಯ ಮಹಡಿಯಲ್ಲಿ ಸೇರುತ್ತಿದ್ದೆವು. ಮಂಡ್ಯದಿಂದ ಬರುತ್ತಿದ್ದವರು ನಿವೃತ್ತ ಮುಖ್ಯೋಪಾಧ್ಯಾಯಿನಿ. ನಾವೆಲ್ಲ ಅವರನ್ನು ದೊಡ್ಡಕ್ಕ ಅನ್ನುತ್ತಿದ್ದೆವು. ಶಾಲೆ ಬಿಟ್ಟು ಹತ್ತು ವರ್ಷವಾಗಿದ್ದರೂ ಅವರ ಕೈಯಲ್ಲಿ ಕಾಣದ ಬೆತ್ತವೊಂದು ಇದ್ದೇ ಇರುತ್ತಿತ್ತು. ಚಿಕ್ಕರಸಿನಕೆರೆಯಿಂದ ಒಬ್ಬರು ಬರುತ್ತಿದ್ದರು, ಬಾಯಿ ಬಿಟ್ಟರೆ ದೇವರ ಮಾತು. ಮದ್ದೂರಿನವರೇ ಇಬ್ಬರು, ದೊಡ್ಡಕ್ಕ ಹೂಂ ಅಂದದ್ದಕ್ಕೆ ಹೂಂ ಅನ್ನುವವರು. ಕೂಟದ ಪುಸ್ತಕ ಬರೆಯುವವಳು ನಾನು. ಆರನೆಯವಳು ಮಳವಳ್ಳಿಯವಳು, ಆಮೇಲೆ ಬಂದು ಸೇರಿದವಳು, ನಮ್ಮೆಲ್ಲರಿಗಿಂತ ಚಿಕ್ಕವಳು, ಅಲ್ಲಿನ ಒಂದು ಕಚೇರಿಯಲ್ಲಿ ಗುಮಾಸ್ತೆ. ಅವಳ ಹೊಲಿಗೆ ನೋಡಿದರೆ ನಮ್ಮದು ಗೋಣಿಚೀಲದ ಹೊಲಿಗೆ ಅನ್ನಿಸುತ್ತಿತ್ತು. ನಾವು ಐದು ಜನ ಜಮೀನಿದ್ದ ಮನೆಯವರು, ಅವಳು ದಲಿತರವಳು. ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ನಮ್ಮ ಕಡೆ ಊರು ಯಾವುದು, ಅಪ್ಪ ಯಾರು ಎಂದು ಎರಡು ಮಾತು ಕೇಳಿದರೆ ಸಾಕು, ಜಾತಿ ತಾನಾಗಿ ಬಂದು ಎದುರಿಗೆ ಕೂರುತ್ತದೆ.

ಎರಡು ವರ್ಷದ ಹಿಂದೆ ದೊಡ್ಡಕ್ಕ ಒಂದು ಪದ್ಧತಿ ಮಾಡಿದರು. ಚಳಿಗಾಲಕ್ಕೆ ಮುಂಚೆ ಪ್ರತಿಯೊಬ್ಬರೂ ಒಂದೊಂದು ಬೊಂತೆ ಹೊಲಿದು ತರಬೇಕು, ಚೀಟಿ ಎತ್ತಿ ಅದಲುಬದಲು ಮಾಡಿಕೊಳ್ಳಬೇಕು. ಮುಂದಿನ ತಿಂಗಳು ಅದನ್ನು ತಂದು ಹಾಸಿ, ಹೊದ್ದು ಮಲಗಿದ ಸುದ್ದಿ ಹೇಳಬೇಕು. ಒಳಗಿನ ಪದರಕ್ಕೆ ಮಾತ್ರ ಮನೆಯವರು ಉಟ್ಟು ಸವೆಸಿದ ಬಟ್ಟೆಯನ್ನೇ ಹಾಕಬೇಕು.

"ನಮ್ಮ ಅಜ್ಜಿದೀರು ಒಸ ಬಟ್ಟೆ ಆಕ್ತಿರ್ನಿಲ್ಲ ಕಣ್ರಮ್ಮ. ಉಟ್ಟು ಮೆತ್ತಗಾದ ಬಟ್ಟೇಲೇ ಬೆಚ್ಚಗಿರೋದು. ಬೊಂತೆ ಅಂದ್ರೆ ಒಂದು ಮನೇವ್ರ ಮೈ ಇದ್ದಂಗೆ" ಅಂದಿದ್ದರು. ಎಂಥ ಮಾತು ಎಂದು ಎಲ್ಲರೂ ತಲೆದೂಗಿದ್ದೆವು. ನಾನು ಅದನ್ನು ಪುಸ್ತಕದಲ್ಲಿ ಬರೆದು ಕೆಳಗೆ ಗೆರೆ ಬೇರೆ ಎಳೆದಿದ್ದೆ.

ಮೊದಲ ವರ್ಷ ಮಳವಳ್ಳಿಯವಳು ಇನ್ನೂ ಕೂಟಕ್ಕೆ ಸೇರಿರಲಿಲ್ಲ. ಆಗ ಎಲ್ಲವೂ ಸಲೀಸಾಗಿ ನಡೆಯಿತು. ದೊಡ್ಡಕ್ಕನ ಬೊಂತೆ ನನಗೆ ಬಂದಿತ್ತು. ತಲೆಗೆ ಹಾಕುವ ಎಣ್ಣೆಯ ಕಮಟು, ಸೊಳ್ಳೆಬತ್ತಿಯ ಹೊಗೆ ಎರಡೂ ಅದರಲ್ಲಿ ಹಾಗೇ ಇದ್ದವು. ತಂದ ದಿನವೇ ಮಂಚಕ್ಕೆ ಹಾಕಿಕೊಂಡು ಮಲಗಿದೆ.

ಎರಡನೆಯ ವರ್ಷ ಅವಳೂ ಹೊಲಿದು ತಂದಳು. ಹಾಸಿದಾಗ ಎಲ್ಲರೂ ಬಗ್ಗಿ ನೋಡಿದೆವು. ತಿಳಿ ಹಸಿರು, ಮಾಸಲು ಹಳದಿ, ಬೂದಿ ಬಣ್ಣದ ಸೀರೆಗಳು, ಸುತ್ತ ಕಡು ಕೆಂಪಿನ ಅಂಚು.

"ಅಂಚಿನ ಬಟ್ಟೆ ಒಂದೇ ಒಸದು ಕಣಕ್ಕ. ಬಿಸಿನೀರಿಗೆ ಮಾತ್ರ ಆಕ್ಬೇಡಿ, ಬಣ್ಣ ಬುಡುತ್ತೆ" ಅಂದಳು. "ಮಿಕ್ಕಿದ್ದೆಲ್ಲ ನಮ್ಮವ್ವನ ಸೀರೆ. ನಾಟಿಗೆ ಓಗುವಾಗ ಉಡ್ತಿದ್ದಿದ್ದು. ತೊಳ್ದೇ ತಂದಿವ್ನಿ."

ನಮ್ಮೈವರಲ್ಲಿ ಒಬ್ಬರೂ ತೊಳೆದು ತಂದಿದ್ದೇವೆ ಎಂದು ಹೇಳಿರಲಿಲ್ಲ. ಹೇಳಬೇಕೆಂದು ನಮಗೆ ಹೊಳೆದೇ ಇರಲಿಲ್ಲ. ಅವಳಿಗೆ ಯಾಕೆ ಹೊಳೆಯಿತು ಎಂದು ನಾನು ಆಗ ಯೋಚಿಸಲಿಲ್ಲ.

ಸ್ಟೀಲಿನ ಡಬ್ಬಿಯಿಂದ ಚೀಟಿ ಎತ್ತಿದೆವು. ಅತ್ತೆಯ ಸೀರೆ ಹಾಕಿ ಹೊಲಿದ ನನ್ನ ಬೊಂತೆ ಮಳವಳ್ಳಿಯವಳಿಗೆ ಹೋಯಿತು. ಅವಳದು ಚಿಕ್ಕರಸಿನಕೆರೆಯವರಿಗೆ ಬಂತು. ಅವರು ಚೀಟಿಯನ್ನು ಬಿಡಿಸಿ ಓದಿದರು, ಮತ್ತೆ ಮಡಿಸಿದರು.

"ಅಯ್ಯೋ, ನಮ್ದು ದೇವಸ್ಥಾನದ ಪಕ್ಕದ ಮನೆ ಕಣಕ್ಕ. ಅರಕೆ ಬೇರೆ ಒತ್ಕೊಂಡಿವ್ನಿ. ಮಿಕ್ಕಿದ್ದು ಯಾವ್ದಾದ್ರೂ ಕೊಟ್ಬುಡಿ" ಅಂದರು.

ಹಿಂದಿನ ವರ್ಷ ಅದೇ ದೇವಸ್ಥಾನದ ಪಕ್ಕದ ಮನೆಗೆ ಮದ್ದೂರಿನವರೊಬ್ಬರ ಬೊಂತೆ ನಗುನಗುತ್ತಾ ಹೋಗಿತ್ತು. ದೊಡ್ಡಕ್ಕ ಬೆತ್ತ ಎತ್ತುತ್ತಾರೆ ಎಂದು ಕಾದೆ. ಅವರು ಕನ್ನಡಕ ಒರೆಸಿಕೊಳ್ಳುತ್ತಾ ಕೂತರು. ಮಳವಳ್ಳಿಯವಳು ಬೊಂತೆಯ ಒಂದು ಮೂಲೆ ಹಿಡಿದುಕೊಂಡು ನಿಂತೇ ಇದ್ದಳು. ಯಾರಾದರೂ ಇನ್ನೊಂದು ತುದಿ ಹಿಡಿದುಕೊಂಡರೆ ಮಡಿಸಬಹುದು ಎಂದು ಕಾಯುತ್ತಿದ್ದಳು.

ನಾನು ನನಗೆ ಬಂದ ಚೀಟಿಯನ್ನು ಚಿಕ್ಕರಸಿನಕೆರೆಯವರ ಕೈಗಿಟ್ಟು, ಎದ್ದು ಹಿಡಿದುಕೊಂಡೆ. "ನಂಗೆ ಕೊಡಿ. ನಂಗೇನೂ ಅಂಥದ್ದಿಲ್ಲ" ಅಂದೆ.

ಅಂಥದ್ದು! ಅದುವರೆಗೆ ಯಾರ ಬಾಯಲ್ಲೂ ಬರದಿದ್ದನ್ನು ಆಡಿ ತೋರಿಸಿದವಳು ನಾನೇ. ಅವಳು ಸುಮ್ಮನೆ ನಕ್ಕಳು. ನನ್ನ ಎದೆ ಮಾತ್ರ ಉಬ್ಬಿಹೋಗಿತ್ತು. ಎಲ್ಲರೂ ಹೋದ ಮೇಲೆ ಕಾಫಿ ಲೋಟ ತೊಳೆಯುತ್ತಾ, ಎಷ್ಟು ದೊಡ್ಡ ಮನಸ್ಸಪ್ಪ ನಂದು ಎಂದು ನನ್ನನ್ನು ನಾನೇ ಹೊಗಳಿಕೊಂಡೆ. ಆ ಹೊಗಳಿಕೆ ನೆನೆಸಿಕೊಂಡರೆ ಇವತ್ತೂ ವಾಕರಿಕೆ ಬರುತ್ತದೆ.

ಯಾಕೆಂದರೆ ಮಾರನೆಯ ಬೆಳಗ್ಗೆ ನಾನು ಮಾಡಿದ್ದು ಇದು. ಗೀಸರಿನ ನೀರು ಸಾಲದೆಂದು ಒಲೆಯ ಮೇಲೆ ನೀರು ಮರಳಿಸಿ, ಸೋಪಿನ ಪುಡಿ ಸುರಿದು, ಬೊಂತೆಯನ್ನು ಅದರಲ್ಲಿ ಅದ್ದಿದೆ. ಮನೆಯಲ್ಲಿ ಯಾರೂ ಒಂದು ಮಾತು ಅಂದಿರಲಿಲ್ಲ. ಯಜಮಾನರು ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅವರಿದ್ದಿದ್ದರೆ ತಪ್ಪನ್ನು ಅವರ ತಲೆಗೆ ಕಟ್ಟಬಹುದಿತ್ತು. ಬಿಸಿನೀರು ಬೇಡ ಎಂದು ಅವಳು ಹೇಳಿದ್ದು ಮರೆತುಹೋಗಿರಲೂ ಇಲ್ಲ. ಬರೀ ತಣ್ಣೀರಿಗೆ ಅದು ಹೋಗುವುದಿಲ್ಲ ಎಂದು ಕೈ ತಾನಾಗಿ ನಿರ್ಧಾರ ಮಾಡಿತ್ತು. ಏನು ಹೋಗಬೇಕಿತ್ತು? ಕೊಳೆ ಇರಲಿಲ್ಲ, ವಾಸನೆ ಇರಲಿಲ್ಲ.

ಕೆಂಪು ಬಿಟ್ಟಿತು. ಹಸಿರು, ಹಳದಿ, ಬೂದಿ ಎಲ್ಲದರ ಮೇಲೂ ಹರಡಿತು. ಎರಡನೆಯ ಸಲ ತೊಳೆದೆ. ಅದು ಬಣ್ಣ ತೆಗೆಯುವುದಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ. ಒಣಗಿದ ಮೇಲೆ ಮಡಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಸಜ್ಜೆಯ ಮೇಲೆ ತಳ್ಳಿದೆ. ಒಂದು ದಿನವೂ ಹೊದೆಯಲಿಲ್ಲ.

ತಿಂಗಳು ಕಳೆದು ಮತ್ತೆ ಸೇರಿದೆವು. ಮೊದಲು ಮಳವಳ್ಳಿಯವಳೇ ನನ್ನ ಬೊಂತೆ ಹಾಸಿದಳು. ಒಂದು ಕಡೆ ಅರಿಸಿನದ ಕಲೆ, ಇನ್ನೊಂದು ಕಡೆ ರಾಗಿ ಗಂಜಿ ಚೆಲ್ಲಿದ ಗುರುತು. ಪಿಯುಸಿ ಓದುವ ಮಗಳಿಗೆ ಜ್ವರ ಬಂದು, ವಾರವೆಲ್ಲ ಅದರೊಳಗೇ ಮುದುರಿಕೊಂಡಿದ್ದಳಂತೆ.

"ಗಲೀಜು ಮಾಡ್ಬುಟ್ಟವ್ಳೆ, ಬೇಜಾರ್ ಮಾಡ್ಕೋಬೇಡಿ ಕಣಕ್ಕ. ತೊಳ್ಯಕ್ಕೆ ಮನ್ಸು ಬರ್ನಿಲ್ಲ. ನಿಮ್ಮತ್ತೆ ಸೀರೆದು ಕಡ್ಡಿಪುಡಿ ವಾಸ್ನೆ ಅಂಗೇ ಐತೆ. ನಮ್ಮಜ್ಜಿ ಮೈಯಲ್ಲೂ ಇದೇ ವಾಸ್ನೆ ಇತ್ತು."

ಅತ್ತೆ ಎಲೆಅಡಿಕೆಗೆ ಹೊಗೆಸೊಪ್ಪಿನ ಕಡ್ಡಿಪುಡಿ ಹಾಕುತ್ತಿದ್ದದ್ದು ನಿಜ. ಬದುಕಿದ್ದಾಗ ಆ ವಾಸನೆಗೆ ನಾನು ಮೂಗು ಮುಚ್ಚಿಕೊಳ್ಳುತ್ತಿದ್ದೆ.

"ಈಗ ನಿಮ್ದು" ಅಂದರು ದೊಡ್ಡಕ್ಕ. ತರಲಿಲ್ಲ ಅನ್ನೋಣವೆಂದರೆ ನಮ್ಮದೇ ಮನೆ. ತಂದು ಹಾಸಿದೆ. ಇಡೀ ಬೊಂತೆ ಬಾಡಿದ ಗುಲಾಬಿ ಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಮಡತೆಯ ಗೆರೆಗಳು ಕೂತಿದ್ದವು. ಹೊದ್ದ ಬೊಂತೆ ಸುಕ್ಕಾಗಿರುತ್ತದೆ. ಇದು ಅಂಗಡಿಯಿಂದ ತಂದ ಹಾಗೆ ಚೌಕ ಚೌಕವಾಗಿ ಮಡತೆ ಬಿದ್ದಿತ್ತು. ಹೊಲಿಗೆ ಬಲ್ಲ ಆ ಐದು ಜನಕ್ಕೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವಳು ಕೆಳಗೆ ಕೂತು, ಒಂದು ಹಸಿರು ತುಂಡಿನ ಮೇಲೆ ಬೆರಳಾಡಿಸಿದಳು. "ಎಷ್ಟ್ ಸಲ ತೊಳುದ್ರಕ್ಕ?" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ ನಾನು ಕೇಳದ್ದಕ್ಕೆಲ್ಲ ಉತ್ತರ ಕೊಟ್ಟೆ. "ಅಂಗೇನಿಲ್ಲ ಕಣಮ್ಮ, ಮೊಮ್ಮಗ ಬಂದಿದ್ದ. ಅದರ ಮೇಲೇ ಉಚ್ಚೆ ಉಯ್ದ್‌ಬುಟ್ಟ. ಅದಕ್ಕೇ ಬಿಸಿನೀರಿಗೆ ಆಕಿದ್ದು."

ಮೊಮ್ಮಗ ಮೈಸೂರಿನಲ್ಲಿದ್ದ. ಆ ತಿಂಗಳು ಮದ್ದೂರಿಗೆ ಕಾಲೇ ಇಟ್ಟಿರಲಿಲ್ಲ. ಸ್ವಲ್ಪ ಹೊತ್ತಿಗೆ ಮುಂಚೆ ಕಾಫಿ ಕುಡಿಯುತ್ತಾ, ಮಗಳು ಮಗುವನ್ನು ಕರೆತಂದೇ ಇಲ್ಲ ಎಂದು ಇವರ ಮುಂದೆಯೇ ದೂರಿದ್ದೆ.

ಅವಳು ತಲೆ ಎತ್ತಿ ನೋಡಿದಳು. "ಉಯ್ದಿದ್ರೆ ಒಳ್ಳೇದಾಯ್ತಿತ್ತು ಕಣಕ್ಕ" ಅಂದಳು. "ಒಂದ್ ಮಗೀನ ಮೈಗಾದ್ರೂ ಸೋಕ್ತಿತ್ತು."

ದೊಡ್ಡಕ್ಕ ಗಂಟಲು ಸರಿಮಾಡಿಕೊಂಡರು. ಇಂಥ ಗೊಂದಲವೆಲ್ಲ ಹಳೆ ಬಟ್ಟೆಯಿಂದ ಬರುವುದು, ಮುಂದಿನ ವರ್ಷದಿಂದ ಒಳಪದರಕ್ಕೂ ಅಂಗಡಿಯ ಹೊಸ ಬಟ್ಟೆಯನ್ನೇ ಹಾಕೋಣ, ಆರೋಗ್ಯದ ದೃಷ್ಟಿಯಿಂದಲೂ ಅದೇ ಒಳ್ಳೆಯದು ಅಂದರು. ಮನೆಯವರ ಮೈ, ಅಜ್ಜಿಯರ ಪದ್ಧತಿ ಎಲ್ಲ ಒಂದೇ ಉಸಿರಿಗೆ ಗಾಳಿಗೆ ಹೋಯಿತು. ಒಪ್ಪಿಗೆ ಇರುವವರು ಕೈ ಎತ್ತಿ ಅಂದರು. ಚಿಕ್ಕರಸಿನಕೆರೆಯವರ ಕೈ ಮೊದಲು ಎದ್ದಿತು, ಆಮೇಲೆ ಮದ್ದೂರಿನ ಇಬ್ಬರದು. ಮಳವಳ್ಳಿಯವಳು ಅವರನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ನಾನೊಬ್ಬಳು ಕೈ ಕೆಳಗಿಟ್ಟುಕೊಂಡಿದ್ದರೆ ಅವಳು ಮುಂದಿನ ತಿಂಗಳೂ ಬರುತ್ತಿದ್ದಳು. ಅದು ಅವಳ ಮುಖದಲ್ಲೇ ಇತ್ತು, ನನಗೆ ಚೆನ್ನಾಗಿ ಕಂಡಿತು.

ಕೈ ಎತ್ತಿದೆ. ಎತ್ತಿದ್ದಷ್ಟೇ ಅಲ್ಲ, ಪುಸ್ತಕ ತೆಗೆದು, ಎಲ್ಲರ ಒಪ್ಪಿಗೆಯ ಮೇರೆಗೆ ಎಂದು ದುಂಡಗೆ ಬರೆದೆ.

ಅವಳು ಬಸ್ಸಿಗೆ ಹೊತ್ತಾಯಿತು ಎಂದು ಎದ್ದಳು. ತನ್ನ ಬೊಂತೆಯ ಕಡೆ ಮತ್ತೆ ನೋಡಲಿಲ್ಲ. ನಾನು ಹೊಲಿದದ್ದನ್ನು ಎತ್ತಿಕೊಂಡು ಮಡಿಸತೊಡಗಿದಳು. ಮಡಿಸಿ ನನ್ನ ಮುಖದ ಮೇಲೆ ಎಸೆದು ಹೋಗುತ್ತಾಳೆ ಅಂದುಕೊಂಡೆ. ಎಸೆಯಲಿ ಎಂದೇ ಬಯಸಿದೆ. ಎಸೆದಿದ್ದರೆ ಎಂಥ ಕೊಬ್ಬು ನೋಡಿ ಎಂದು ಅವಳನ್ನು ಬೈದುಕೊಂಡು ನಾನು ನೆಮ್ಮದಿಯಾಗಿ ಇರಬಹುದಿತ್ತು.

ಅವಳು ಅದನ್ನು ಬ್ಯಾಗಿಗೆ ಹಾಕಿ ಜಿಪ್ಪು ಎಳೆದಳು.

"ತಗೊಂಡೋಯ್ತೀನಿ ಕಣಕ್ಕ. ಇದಿಲ್ದೆ ಮಗಳಿಗೆ ನಿದ್ದೆ ಬರಲ್ಲ" ಅಂದಳು.