ಪುಟ್ಟಮ್ಮನ ಗಲ್ಲಿಗೆ ನಾನು ತಂದ ಕಾರು

ಕಂಪ್ಯೂಟರ್ ಪರದೆಯ ಮೇಲೆ ಓಡುವ ಕಾರುಗಳು ಹಾರ್ನ್ ಹೊಡೆಯುವುದಿಲ್ಲ ಎಂಬುದನ್ನು ನೀವು ಗಮನಿಸಿರಲಾರಿರಿ. ಅದಕ್ಕೆಲ್ಲ ನಿಮಗೆ ಪುರುಸೊತ್ತೆಲ್ಲಿ? ನನಗಾದರೋ ಅದೇ ಉದ್ಯೋಗ. ಊರಿನ ನಕ್ಷೆಯನ್ನು ತಂದು, ಸಂಚಾರವನ್ನು ಅನುಕರಿಸಿ ತೋರಿಸುವ ತಂತ್ರಾಂಶದ ರಸ್ತೆಜಾಲದ ಮೇಲೆ ಹೊದಿಸಿ, ಯಾವ ಗೆರೆ ಯಾವ ರಸ್ತೆಯದೆಂದು ಹೊಂದಿಸುವುದು. ಜಾತಕ ಹೊಂದಿಸುವವರಿಗೂ ನನಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಅವರ ತಪ್ಪು ಬಯಲಾಗಲು ಕೆಲವು ವರ್ಷಗಳಾದರೂ ಬೇಕು, ಅಷ್ಟೆ.

ಕಾರು ಹೋಗುವ ರಸ್ತೆಯೋ ಅಲ್ಲವೋ ಎಂದು ಯಂತ್ರಕ್ಕೆ ಅನುಮಾನ ಬಂದ ಗೆರೆ ಹಳದಿಯಾಗುತ್ತದೆ. ಆಗ ಮನುಷ್ಯರು ತೀರ್ಪು ಕೊಡಬೇಕು. ಮಲ್ಲೇಶ್ವರಂನ ಎರಡು ಅಡ್ಡರಸ್ತೆಗಳ ನಡುವೆ, ಮನೆಗಳ ಹಿತ್ತಿಲಿಗೆ ಆತುಕೊಂಡು ಹೋಗುವ ಗಲ್ಲಿಯೊಂದು ಹೀಗೆ ಹಳದಿಯಾಗಿ ನನ್ನ ಮುಂದೆ ಬಂತು. ನಮ್ಮ ತಂಡದ ಮುಖ್ಯಸ್ಥರಾದ ರಘು ಸರ್, “ಒಂದ್ಸಲ ಹೋಗಿ ನೋಡ್ಕೊಂಡ್ ಬರ್ತೀರಾ ಮೇಡಂ?” ಎಂದರು. ನಾನು ನಕ್ಕೆ. “ನಾನು ಹುಟ್ಟಿ ಬೆಳೆದಿರೋದೇ ಅಲ್ಲಿ ಸಾರ್. ಎಲ್ರೂ ಅಲ್ಲೇ ಓಡಾಡೋದು,” ಎಂದು ‘ರಸ್ತೆ’ ಎಂಬಲ್ಲಿ ಒತ್ತಿದೆ. ಊರಿಗೆ ಹೊಸಬರಾಗಿದ್ದರೆ ಅಳತೆಪಟ್ಟಿ ಹಿಡಿದು ಹೋಗುತ್ತಿದ್ದರು. ನಾನು ಹಳಬಳು, ಸರ್ವಜ್ಞಳು.

ಮರುಕ್ಷಣವೇ ಪರದೆಯ ಕಾರುಗಳು ಇರುವೆ ಸಾಲಿನಂತೆ ಆ ಗಲ್ಲಿಗೆ ನುಗ್ಗಿದವು. ಸಂಪಿಗೆ ರಸ್ತೆಯ ದಟ್ಟಣೆ ಬೆಣ್ಣೆಯಂತೆ ಕರಗಿತು. ಎಲ್ಲರೂ ಬೆನ್ನು ತಟ್ಟಿದರು. ಯೋಜನೆ ಒಪ್ಪಿಗೆಯಾಗಿ, ಸೋಮವಾರ ಬೆಳಿಗ್ಗೆ ಎಂಟರಿಂದ ಕಾರುಗಳನ್ನು ಅತ್ತ ತಿರುಗಿಸುವ ಪ್ರಯೋಗವೆಂದು ಸಂಚಾರ ಇಲಾಖೆಯವರು ಬೋರ್ಡನ್ನೂ ನೆಟ್ಟರು.

ಭಾನುವಾರ ಸಂಜೆ, ನನ್ನ ಕೃತಿಯನ್ನು ಕಣ್ತುಂಬಿಕೊಳ್ಳುವ ಚಪಲದಿಂದ ಹೋದೆ. ಗಲ್ಲಿಯೊಳಗೆ, ತನ್ನ ಮನೆಯ ಹೊಸ್ತಿಲಲ್ಲಿ ಸೊಪ್ಪು ಮಾರುವ ಪುಟ್ಟಮ್ಮ ಕುಳಿತಿದ್ದಳು. ನನಗೆ ತಿಳಿವಳಿಕೆ ಬಂದಾಗಿನಿಂದ ಅಲ್ಲೇ ಕುಳಿತಿದ್ದಾಳೆ. ಗೋಣಿತಾಟಿನ ಮೇಲೆ ದಂಟಿನ ರಾಶಿ, ಎದುರಿಗೆ ನೀಳವಾಗಿ ಚಾಚಿದ, ಮಡಚಲಾರದ ಮಂಡಿನೋವಿನ ಕಾಲುಗಳು. ಸ್ಕೂಟರಿನವರು ಆ ಪಾದಗಳನ್ನು ತಪ್ಪಿಸಿ ನಿಧಾನವಾಗಿ ಹೋಗುವುದು ಇಲ್ಲಿಯ ರೂಢಿ. ನಾನು ಗಲ್ಲಿಯ ನಡುವೆ ನಿಂತು ಎರಡೂ ಕೈ ಚಾಚಿದೆ. ಗೋಡೆಗೆ ಎರಡು ಕಡೆಯೂ ಒಂದೊಂದು ಗೇಣು ಉಳಿಯಿತು. ಕಾರು ಹೇಗೋ ತೂರಬಹುದು; ಆ ಕಾಲುಗಳಿಗೆ ಜಾಗ ಉಳಿಯದು.

ನೋಡಿ, ನಾನು ನಕ್ಷೆಯನ್ನು ರಸ್ತೆಗೆ ಹೊಂದಿಸಿರಲಿಲ್ಲ; ಹತ್ತು ವರ್ಷದ ಹುಡುಗಿಯಾಗಿ ಸೈಕಲ್ ಕಲಿತಾಗ ನನಗೆ ಮೈದಾನದಷ್ಟು ಅಗಲವಾಗಿ ಕಂಡಿದ್ದ ಗಲ್ಲಿಗೆ ಹೊಂದಿಸಿದ್ದೆ. ನೆನಪಿಗೆ ಅಳತೆಪಟ್ಟಿ ಹಿಡಿಯುವವರು ಯಾರು?

“ಪುಟ್ಟಮ್ಮ, ನಾಳೆ ಬೆಳಿಗ್ಗೆ ಒಳಗಡೆ ಇದ್ಬಿಡು. ಇಲ್ಲಿ ಕಾರ್ ಬರುತ್ತೆ.”

“ಕಾರಾ? ಈ ಸಂದೀಗಾ? ಯಾವ ಮುಟ್ಠಾಳ್ ನನ್ಮಗ ತರ್ತಾನೆ?” ಎಂದು ಅವಳು ಸೊಪ್ಪು ಬಿಡಿಸುತ್ತಲೇ ನಕ್ಕಳು. “ಎಂಟ್ ಗಂಟೆಗೇ ಕಣವ್ವ ನಂಗೆ ಯಾಪಾರ. ಒಳಗ್ ಕೂತ್ರೆ ಯಾರ್ ಬತ್ತಾರೆ?”

ಆ ಮುಟ್ಠಾಳ ನಾನೇ. ಬೀದಿಯ ತುದಿಗೆ ಬಂದು ರಘು ಸರ್‌ಗೆ ಫೋನ್ ಮಾಡಿ, ತಪ್ಪು ನನ್ನದೇ ಎಂದು ಒಪ್ಪಿಕೊಂಡೆ. ಕೆಲಸ ಹೋದೀತೆಂಬ ಭಯ ಒಂದು ಕಡೆ. ಆ ಪಾದಗಳು ಕಣ್ಣಿಗೆ ಕಟ್ಟಿ ಹುಟ್ಟಿದ ಭಯದ ಮುಂದೆ ಅದು ಏನೂ ಅಲ್ಲ. ಅವರು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. “ಎಲ್ರಿಗೂ ಫೋನ್ ಮಾಡ್ತೀನಿ ಮೇಡಂ. ಆದ್ರೆ ಹತ್ತು ಗಂಟೆಗೆ ಇಲಾಖೆ ಆಫೀಸ್ ತೆಗೀದೆ ಬೋರ್ಡ್ ತೆಗ್ಸೋಕಾಗಲ್ಲ,” ಎಂದರು.

ಎಂಟರಿಂದ ಹತ್ತು. ಎರಡು ಗಂಟೆ.

ಬೆಳಿಗ್ಗೆ ಏಳೂಮುಕ್ಕಾಲಿಗೇ ಗಲ್ಲಿಯ ಬಾಯಲ್ಲಿ ನಿಂತೆ. ಹಿಂದೆ ಪುಟ್ಟಮ್ಮ ಯಾರೊಡನೆಯೋ ಕೊತ್ತಂಬರಿ ಕಟ್ಟಿಗೆ ಚೌಕಾಸಿ ನಡೆಸಿದ್ದು ಕೇಳುತ್ತಿತ್ತು. ಎಂಟಾದ ಸ್ವಲ್ಪ ಹೊತ್ತಿಗೆ ಮೊದಲ ಕಾರು ತಿರುಗಿತು. ನಾನು ಕೈಗಳನ್ನು ಅಗಲಿಸಿ ಅಡ್ಡ ನಿಂತೆ. ಅದು ನನ್ನ ಮೊಣಕಾಲಿಗೆ ಮುಟ್ಟುವಷ್ಟು ಹತ್ತಿರ ಬಂದು ನಿಂತಿತು. ಹಾರ್ನ್ ಹೊಡೆಯಿತು, ಮತ್ತೆ ಹೊಡೆಯಿತು.

“ಏನ್ ಮೇಡಂ, ಬೋರ್ಡ್ ಹಾಕಿದಾರಲ್ಲ! ಗೊತ್ತಿರೋರು ನೋಡೇ ಹಾಕಿರ್ತಾರೆ!” ಎಂದು ಚಾಲಕ ತಲೆ ಹೊರಹಾಕಿ ಕೂಗಿದ.

“ನೋಡ್ದೆ ಹಾಕ್ಸಿದೋಳು ನಾನೇ,” ಎಂದೆ. ಚಾಚಿದ ಕೈಗಳನ್ನು ಇಳಿಸಲಿಲ್ಲ.

ಅವನು ನನ್ನನ್ನು ಒಮ್ಮೆ ದಿಟ್ಟಿಸಿ, ಗೊಣಗುತ್ತ ಹಿಂದಕ್ಕೆ ಸರಿದ. ಅವನು ಬಿಟ್ಟುಹೋದ ಜಾಗಕ್ಕೆ ಇನ್ನೊಂದು ಕಾರು ಆಗಲೇ ತಿರುಗುತ್ತಿತ್ತು.